ಕೆಜಿಎಫ್ ಹಾಡು ಮಲಯಾಳದಲ್ಲಿ ಯಾಕೆ ಬಂತು? ಪ್ಲೇಲಿಸ್ಟ್ ಸಾಗಿಸಿದ ಟೀಚರಿಗೆ ಒಂದು ಉತ್ತರ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಯೂಟ್ಯೂಬ್ ಪ್ರೀಮಿಯಂ ಹಾಕಿಸಿದ ಮೇಲೆ ಎರಡೆರಡು ಕಡೆ ದುಡ್ಡು ಯಾಕೆಂದು, ಸ್ಪಾಟಿಫೈಯಲ್ಲಿದ್ದ ಪ್ಲೇಲಿಸ್ಟ್‌ಗಳನ್ನೆಲ್ಲ ಒಂದು ವರ್ಗಾವಣೆ ಆ್ಯಪ್ ಮೂಲಕ ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿದೆ. ಒಟ್ಟು 860 ಹಾಡು. 31 ಸಿಗಲಿಲ್ಲ, ಉಳಿದದ್ದೆಲ್ಲ ಸರಿ ಎಂದು ತೋರಿಸಿತು. ಕೇಳಲಿಕ್ಕೆ ಕೂತರೆ ಕೆಜಿಎಫ್ ಹಾಡು ಮಲಯಾಳದಲ್ಲಿ ಬರುತ್ತದೆ. ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಇದ್ದಲ್ಲಿ ಬೇರೆ ಯಾರೋ ಹಾಡುತ್ತಾರೆ. ಒಂದು ಕಡೆ ಬರೀ ಕರೋಕೆ. ಅಪ್ಪನಿಗಾಗಿ ಮಾಡಿದ ಯಕ್ಷಗಾನ, ತಾಳಮದ್ದಳೆಯ ಪಟ್ಟಿಯಂತೂ ಗುರುತೇ ಸಿಗದ ಹಾಗಾಗಿದೆ. ನಾವು ಕೇರಳದಲ್ಲಿ ಇರುವುದರಿಂದ ಹೀಗೋ? 860ನ್ನೂ ಒಂದೊಂದಾಗಿ ಕೇಳಿ ಸರಿ ಮಾಡಬೇಕೋ? ಶಾರ್ಜಾದಲ್ಲಿರುವ ಅಣ್ಣನೂ ಇದೇ ಪಟ್ಟಿ ಕೇಳುವುದು. ಸ್ಪಾಟಿಫೈ ಯಾವಾಗ ನಿಲ್ಲಿಸಬಹುದು?

ಉತ್ತರ: ಟೀಚರೇ, ಕೇರಳದ ಮೇಲಿನ ಅನುಮಾನವನ್ನು ಮೊದಲು ಬಿಡಿ. ಹಾಡುಗಳ ಹಕ್ಕನ್ನು ಆಡಿಯೋ ಕಂಪನಿಗಳು ದೇಶದ ಲೆಕ್ಕದಲ್ಲಿ ಕೊಡುತ್ತವೆ, ರಾಜ್ಯದ ಲೆಕ್ಕದಲ್ಲಿ ಅಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಸಿಗುವ ಹಾಡುಗಳ ಭಂಡಾರವೇ ಬದಿಯಡ್ಕದಲ್ಲಿ ಕೂತ ನಿಮಗೂ ಸಿಗುವುದು. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಎಳೆದ ಗೆರೆ ನಮ್ಮನ್ನು ಎಷ್ಟೋ ವಿಷಯಗಳಲ್ಲಿ ಕಾಡಿದೆ, ಆದರೆ ಈ ವಿಷಯದಲ್ಲಿ ಅದರ ತಪ್ಪಿಲ್ಲ. ಬೆಂಗಳೂರಿನವರು ಇದೇ ಪಟ್ಟಿಯನ್ನು ಸಾಗಿಸಿದ್ದರೂ ಇಂಥದೇ ಎಡವಟ್ಟು ಆಗುತ್ತಿತ್ತು. ಅವರಿಗೆ ಮಲಯಾಳದ ಬದಲು ತೆಲುಗೋ ಹಿಂದಿಯೋ ಬಂದಿರಬಹುದು, ಅಷ್ಟೇ.

ಎರಡನೆಯದಾಗಿ, ಸಿಗದ 31 ಹಾಡುಗಳ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಅವು ಯಾವುವೆಂದು ನಿಮಗೆ ಗೊತ್ತಿದೆ, ಪಟ್ಟಿ ಕೈಯಲ್ಲಿದೆ. ನಿಜವಾದ ತೊಂದರೆ ‘ಸಿಕ್ಕಿದೆ’ ಎಂದು ಹಸಿರು ಗುರುತು ಬಿದ್ದ 829ರ ಒಳಗಿದೆ. ವರ್ಗಾವಣೆ ಆ್ಯಪ್ ‘ಸಿಕ್ಕಿತು’ ಎಂದರೆ ಏನೋ ಒಂದು ಸಿಕ್ಕಿತು ಎಂದು ಮಾತ್ರ ಅರ್ಥ. ಅದು ನಿಮ್ಮ ಹಾಡೇ ಹೌದೋ ಎಂದು ಅದು ಕೇಳಿ ನೋಡಿರುವುದಿಲ್ಲ. ನೂರಕ್ಕೆ ಇಷ್ಟು ಯಶಸ್ಸು ಎಂದು ಈ ಆ್ಯಪ್‌ಗಳು ಹೇಳಿಕೊಳ್ಳುವ ಅಂಕಿಯನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಸಾಗಾಟ ಎನ್ನುತ್ತೇವಾದರೂ ಇಲ್ಲಿ ಹಾಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೇ ಇಲ್ಲ. ಆ್ಯಪ್ ನಿಮ್ಮ ಹಳೆಯ ಪಟ್ಟಿಯಿಂದ ಹಾಡಿನ ಹೆಸರು, ಕಲಾವಿದರ ಹೆಸರು, ಆಲ್ಬಂ, ಅವಧಿ ಇಷ್ಟನ್ನು ಓದಿಕೊಳ್ಳುತ್ತದೆ. ಹೊಸ ಸೇವೆಯಲ್ಲಿ ಆ ಹೆಸರು ಹಾಕಿ ಹುಡುಕಿ, ಬಂದದ್ದರಲ್ಲಿ ಹತ್ತಿರದ್ದು ಎನಿಸಿದ್ದನ್ನು ಹೊಸ ಪಟ್ಟಿಗೆ ಸೇರಿಸುತ್ತದೆ. ಬದಿಯಡ್ಕ ಅಂಚೆಯ ವಿಳಾಸದಲ್ಲಿ ಮನೆಹೆಸರು ಬರೆಯದೆ ‘ನಾರಾಯಣ ಭಟ್ಟರಿಗೆ’ ಎಂದಷ್ಟೇ ಬರೆದ ಕಾಗದದ ಗತಿ ನಿಮ್ಮ ಹಾಡುಗಳಿಗೆ ಆಗಿದೆ.

ಹಾಡಿಗೂ ಮನೆಹೆಸರಿನಂಥದ್ದು ಒಂದು ಇದೆ. ಅದಕ್ಕೆ ಐಎಸ್‌ಆರ್‌ಸಿ ಎನ್ನುತ್ತಾರೆ. ಧ್ವನಿಮುದ್ರಣಕ್ಕೆ ಕೊಡುವ ಅಂತರರಾಷ್ಟ್ರೀಯ ಸಂಕೇತ, 1986ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಗಿ ಬಂದದ್ದು. ಒಟ್ಟು 12 ಅಕ್ಷರ: ಮೊದಲ ಎರಡು ದೇಶದ ಗುರುತು, ಭಾರತದ್ದಾದರೆ ‘ಐ’ ಮತ್ತು ‘ಎನ್’. ಮುಂದಿನ ಮೂರು ಕಂಪನಿಯ ಗುರುತು, ಆಮೇಲಿನ ಎರಡು ಅಂಕೆ ಸಂಕೇತ ಕೊಟ್ಟ ವರ್ಷ, ಕೊನೆಯ ಐದು ಕ್ರಮಸಂಖ್ಯೆ. ವರ್ಷ ಎಂದದ್ದು ಹಾಡು ಹುಟ್ಟಿದ ವರ್ಷವಲ್ಲ, ಸಂಕೇತ ಹಚ್ಚಿದ ವರ್ಷ. ಹಾಗಾಗಿ ಎಪ್ಪತ್ತರ ದಶಕದ ರಾಜ್‌ಕುಮಾರ್ ಹಾಡಿಗೆ ಈ ಶತಮಾನದ ಅಂಕೆ ಕಂಡರೆ ಗಾಬರಿ ಬೇಡ. ಈ ಸಂಕೇತ ಇರುವುದು ಹಾಡಿಗಲ್ಲ, ಆ ಒಂದು ಧ್ವನಿಮುದ್ರಣಕ್ಕೆ. ಅದೇ ಹಾಡನ್ನು ಅದೇ ಗಾಯಕರು ಇನ್ನೊಮ್ಮೆ ಹಾಡಿದರೆ ಸಂಕೇತ ಬೇರೆ. ಡಬ್ ಆದ ಸಿನಿಮಾದ ಕನ್ನಡ ಹಾಡಿಗೊಂದು, ಮಲಯಾಳ ಹಾಡಿಗೊಂದು.

ಸ್ಪಾಟಿಫೈಯಲ್ಲೂ ಆಪಲ್ ಮ್ಯೂಸಿಕ್‌ನಲ್ಲೂ ಈ ಸಂಕೇತ ಹಾಕಿಯೇ ಹುಡುಕಲು ಹೊರಗಿನ ಆ್ಯಪ್‌ಗಳಿಗೆ ಅವಕಾಶವಿದೆ. ಅವೆರಡರ ನಡುವೆ ಸಾಗಿಸಿದರೆ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿಯೇ ತಲುಪುತ್ತದೆ. ಯೂಟ್ಯೂಬ್ ಮ್ಯೂಸಿಕ್‌ಗೆ ಹಾಗೆ ಹುಡುಕುವ ಅಧಿಕೃತ ಬಾಗಿಲು ಇಲ್ಲ. ಇರುವುದು ಯೂಟ್ಯೂಬಿನ ಸಾಮಾನ್ಯ ಹುಡುಕಾಟ. ಅದಕ್ಕೂ ಮಿತಿಯಿದೆ: ಆ್ಯಪ್ ಮಾಡುವವರ ಮಾಮೂಲಿ ಡೆವಲಪರ್ ಖಾತೆಗೆ ದಿನಕ್ಕೆ 10,000 ಅಂಕದ ಕೋಟಾ ಕೊಟ್ಟು, ಒಂದು ಹುಡುಕಾಟಕ್ಕೆ 100 ಅಂಕ ಕಳೆಯುವುದು ಅಲ್ಲಿನ ಬಹುಕಾಲದ ಪದ್ಧತಿ. ಒಂದು ಹಾಡಿಗೆ ನಾಲ್ಕು ಬಗೆಯಲ್ಲಿ ಹುಡುಕಿ ನೋಡುವ ತಾಳ್ಮೆ ಆ್ಯಪ್‌ಗೆ ಎಲ್ಲಿಂದ ಬರಬೇಕು? ಮೊದಲ ಸಲ ಕಂಡದ್ದನ್ನೇ ಎತ್ತಿಕೊಳ್ಳುತ್ತದೆ. ಅಲ್ಲಿ ಕಂಪನಿ ಕೊಟ್ಟ ಹಾಡು, ಮದುವೆ ಆರ್ಕೆಸ್ಟ್ರಾದವರು ಏರಿಸಿದ ವಿಡಿಯೋ, ಹಲವು ಹಾಡು ಒಟ್ಟು ಸೇರಿಸಿದ ಒಂದು ಗಂಟೆಯ ಜ್ಯೂಕ್‌ಬಾಕ್ಸ್ ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಇಷ್ಟು ಎಲ್ಲ ಭಾಷೆಯವರ ಕಷ್ಟ. ನಮ್ಮ ಹಾಡುಗಳಿಗೆ ಇದರ ಮೇಲೆ ಇನ್ನೂ ಕೆಲವು ಸೇರುತ್ತವೆ.

ಕನ್ನಡ ಹಾಡುಗಳ ಹೆಸರನ್ನು ಕಂಪನಿಗಳು ಇಂಗ್ಲಿಷ್ ಅಕ್ಷರದಲ್ಲೇ ಕೊಡುವುದು ಜಾಸ್ತಿ, ಮತ್ತು ಒಬ್ಬೊಬ್ಬರದು ಒಂದೊಂದು ಕಾಗುಣಿತ. ‘ನೀನು’ ಬರೆಯಲು ಒಬ್ಬರಿಗೆ ಎರಡು ‘ಇ’ ಬೇಕು, ಇನ್ನೊಬ್ಬರಿಗೆ ಒಂದು ‘ಐ’ ಸಾಕು. ‘ತ’ಕಾರಕ್ಕೆ ಕೆಲವರು ‘ಎಚ್’ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ದೀರ್ಘಕ್ಕೆ ಒಂದು ‘ಎ’ ಸಾಕೋ ಎರಡು ಬೇಕೋ ಎಂಬುದು ಟೈಪ್ ಮಾಡಿದವರ ಅಂದಿನ ಮನಸ್ಸು. ಎರಡು ಹೆಸರಿನ ನಡುವೆ ಎಷ್ಟು ಅಕ್ಷರ ಬದಲಾಗಬೇಕು ಎಂದು ಎಣಿಸಿ ಹೋಲಿಕೆ ಅಳೆಯುವ ಹಳೆಯ ಲೆಕ್ಕವೊಂದಿದೆ. 1965ರಲ್ಲಿ ಲೆವೆನ್‌ಸ್ಟೈನ್ ಎಂಬ ರಷ್ಯದ ಗಣಿತಜ್ಞರು ಕೊಟ್ಟದ್ದು. ಇಂಥ ಹೋಲಿಕೆಗೆಲ್ಲ ಅಡಿಪಾಯ ಅಂಥದೇ ಲೆಕ್ಕ. ನಾಲ್ಕು ಪದದ ಕನ್ನಡ ಹೆಸರಿನಲ್ಲಿ ಕಾಗುಣಿತದ ವ್ಯತ್ಯಾಸವೇ ಐದಾರು ಅಕ್ಷರ ಆಗಿಬಿಟ್ಟರೆ, ನಿಮ್ಮದೇ ಹಾಡು ಪರಕೀಯವಾಗಿ ಕಾಣುತ್ತದೆ, ಬೇರೆಯವರು ಮತ್ತೆ ಹಾಡಿದ ಕವರ್ ನೆಂಟನ ಹಾಗೆ ಕಾಣುತ್ತದೆ.

ಕಲಾವಿದರ ಹೆಸರಿನ ಜಾಗ ಇನ್ನೂ ರಗಳೆ. ಇಂಗ್ಲಿಷ್ ಪಾಪ್ ಹಾಡಿಗೆ ಕಲಾವಿದ ಎಂದರೆ ಹಾಡಿದವನು. ನಮ್ಮ ಸಿನಿಮಾ ಹಾಡಿಗೆ? ಒಂದು ಕಡೆ ಆ ಜಾಗದಲ್ಲಿ ರಾಜನ್-ನಾಗೇಂದ್ರ ಇರುತ್ತಾರೆ, ಇನ್ನೊಂದು ಕಡೆ ಅದೇ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಬಾಲು ಅವರ ಹೆಸರನ್ನೇ ಚುಕ್ಕಿ ಇಟ್ಟು, ಇಡದೆ, ‘ಹ’ಕಾರ ಬಿಟ್ಟು, ಕೊನೆಯ ‘ಯಂ’ ಬದಲಿಸಿ ಎಷ್ಟು ಬಗೆಯಲ್ಲಿ ಬರೆದಿದ್ದಾರೋ! ಹೆಸರು ಕೂಡಿ ಬರಲಿಲ್ಲವಾದರೆ ಆ್ಯಪ್ ಹಾಡಿನ ಶೀರ್ಷಿಕೆಯೊಂದನ್ನೇ ನಂಬುತ್ತದೆ. ನಿಮ್ಮ ಜೋಶಿಯವರ ಹಾಡಿಗೆ ಆದದ್ದು ಇದೇ. ಪುರಂದರದಾಸರ ಆ ಪದವನ್ನು ಹಾಡದ ಗಾಯಕರು ದಕ್ಷಿಣದಲ್ಲಿ ಕಡಿಮೆ. ಶೀರ್ಷಿಕೆಯೊಂದೇ ಆಧಾರವಾದರೆ ನೂರರಲ್ಲಿ ಯಾವುದಾದರೂ ಒಂದು ಬರುತ್ತದೆ. ಭಾವಗೀತೆಗಳದ್ದೂ ಇದೇ ಕತೆ: ಕವಿತೆ ಒಂದು, ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಸಿ. ಅಶ್ವಥ್ ಅವರದು ಇನ್ನೊಂದು.

ಮೂರನೆಯದು ಆವರಣ. ಹೊಸ ಹಾಡುಗಳ ಹೆಸರಿನ ಮುಂದೆ ಆವರಣದಲ್ಲಿ ‘ಇಂಥ ಸಿನಿಮಾದಿಂದ’ ಎಂದು ಇಂಗ್ಲಿಷಿನಲ್ಲಿ ಸೇರಿಸಿರುತ್ತಾರೆ. ಹೋಲಿಕೆಗೆ ಅಡ್ಡ ಬರುತ್ತದೆಂದು ಆವರಣದಲ್ಲಿದ್ದದ್ದನ್ನೆಲ್ಲ ಕಿತ್ತು ಹುಡುಕುವ ಆ್ಯಪ್‌ಗಳಿವೆ. ಅಲ್ಲೇ ಪೆಟ್ಟು ಬೀಳುವುದು. ಹಳೆಯ ಸಿನಿಮಾಗಳಲ್ಲಿ ಒಂದೇ ಪಲ್ಲವಿಯ ಹಾಡು ಸಂತೋಷಕ್ಕೊಮ್ಮೆ, ದುಃಖಕ್ಕೊಮ್ಮೆ ಬರುವುದುಂಟಲ್ಲ. ‘ಪ್ಯಾಥೋಸ್’, ‘ಸ್ಯಾಡ್’, ‘ಡ್ಯುಯೆಟ್’, ‘ಕರೋಕೆ’ ಎಂಬ ಗುರುತೆಲ್ಲ ಇರುವುದು ಆ ಆವರಣದ ಒಳಗೇ. ಅದನ್ನು ಕಿತ್ತರೆ ಅಳುವ ಹಾಡಿಗೂ ನಗುವ ಹಾಡಿಗೂ ಹೆಸರು ಒಂದೇ ಆಗುತ್ತದೆ. ನಿಮಗೆ ಬಂದ ಕರೋಕೆ ಈ ದಾರಿಯಲ್ಲೇ ಬಂದಿರಬೇಕು.

ಇನ್ನು ಡಬ್ ಹಾಡು. 2018ರ ಕೆಜಿಎಫ್ ಐದು ಭಾಷೆಗಳಲ್ಲಿ ಬಂತು. ‘ಸಲಾಂ ರಾಕಿ ಭಾಯ್’ ಹಾಡಿನ ಹೆಸರು ಎಲ್ಲ ಭಾಷೆಯಲ್ಲೂ ಅದೇ, ಸಂಗೀತ ರವಿ ಬಸ್ರೂರರದೇ, ಅವಧಿಯೂ ಸೆಕೆಂಡುಗಳ ಅಂತರದಲ್ಲಿ. ಆ್ಯಪ್ ನೋಡುವ ಎಲ್ಲ ಗುರುತೂ ಹೊಂದಿಕೊಳ್ಳುತ್ತದೆ, ಭಾಷೆಯೊಂದನ್ನು ಬಿಟ್ಟು. ಭಾಷೆಗೆ ಪ್ರತ್ಯೇಕ ಕಾಲಂ ನೋಡುವ ಅಭ್ಯಾಸ ಈ ಆ್ಯಪ್‌ಗಳಿಗೆ ಇಲ್ಲ. ಆಲ್ಬಂ ಹೆಸರಿನಲ್ಲಿ ‘ಕನ್ನಡ’ ಎಂದು ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ತಪ್ಪುಗಳು ಎಲ್ಲೆಂದರಲ್ಲಿ ಚೆಲ್ಲಿರುವುದಿಲ್ಲ, ಗುಂಪುಗುಂಪಾಗಿ ಇರುತ್ತವೆ. ಹಾಗಾಗಿ 860ನ್ನೂ ಕೇಳುವ ಅಗತ್ಯವಿಲ್ಲ. ಸಂಶಯದ ಗುಂಪುಗಳನ್ನು ಮಾತ್ರ ಬೇರೆ ಮಾಡಿ ನೋಡಿದರೆ ಸಾಕು.

ಮೊಬೈಲ್ ಬದಿಗಿಟ್ಟು ಕಂಪ್ಯೂಟರ್ ಮುಂದೆ ಕೂತುಕೊಳ್ಳಿ. ಸ್ಪಾಟಿಫೈ ಪಟ್ಟಿಯನ್ನು ಸಿಎಸ್‌ವಿ ಎಂಬ ಸರಳ ಕೋಷ್ಟಕದ ಫೈಲಾಗಿ ಇಳಿಸಿಕೊಳ್ಳಲು ಎಕ್ಸ್‌ಪೋರ್ಟಿಫೈ ಎಂಬ ಉಚಿತ ತಾಣವಿದೆ. ನಿಮ್ಮ ಸ್ಪಾಟಿಫೈ ಖಾತೆಯಿಂದ ಒಳಗೆ ಹೋದರೆ ಪ್ಲೇಲಿಸ್ಟ್‌ಗಳ ಸಾಲು ಕಾಣುತ್ತದೆ. ಒಂದೊಂದನ್ನೇ ಒತ್ತಿ ಇಳಿಸಿಕೊಳ್ಳಬಹುದು. ಹಾಡು, ಆಲ್ಬಂ, ಕಲಾವಿದರು, ಬಿಡುಗಡೆಯ ದಿನ, ಅವಧಿ ಮತ್ತು ಆಗ ಹೇಳಿದ ಐಎಸ್‌ಆರ್‌ಸಿ ಎಲ್ಲ ಅದರಲ್ಲಿ ಬರುತ್ತದೆ. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಕನ್ನಡ ಲಿಪಿಯಲ್ಲಿರುವ ಹೆಸರುಗಳು ಏನೇನೋ ಚಿಹ್ನೆಗಳಾಗಿ ಕಾಣುವ ಸಂಭವವಿದೆ. ಎಕ್ಸೆಲ್‌ನ ‘ಡೇಟಾ’ ಮೆನುವಿನಿಂದ ತರಿಸಿಕೊಂಡು, ಫೈಲಿನ ಮೂಲ ಕೇಳುವಲ್ಲಿ 65001, ಅಂದರೆ ಕನ್ನಡ ಅಕ್ಷರ ಸರಿಯಾಗಿ ಓದುವ ಯುಟಿಎಫ್-8 ಎಂದು ಆರಿಸಿ. ಇದೆಲ್ಲ ಕಿರಿಕಿರಿ ಎನಿಸಿದರೆ ಗೂಗಲ್ ಶೀಟ್ಸ್‌ಗೆ ಹಾಕಿ, ಅಲ್ಲಿ ಈ ತಾಪತ್ರಯ ಇಲ್ಲ. ಅವಧಿ ಮಿಲಿಸೆಕೆಂಡಿನಲ್ಲಿ ಇರುತ್ತದೆ. 252000 ಎಂದಿದ್ದರೆ 60,000ದಿಂದ ಭಾಗಿಸಿ: 4.2, ಎಂದರೆ 4 ನಿಮಿಷ 12 ಸೆಕೆಂಡು. ನಿಮಿಷ-ಸೆಕೆಂಡಾಗಿಯೇ ಕಾಣಬೇಕಾದರೆ 8,64,00,000ದಿಂದ ಭಾಗಿಸಿ ಆ ಕಾಲಂಗೆ ‘ಡ್ಯೂರೇಶನ್’ ರೂಪ ಕೊಡಿ. ಒಂದು ದಿನಕ್ಕಿರುವ ಮಿಲಿಸೆಕೆಂಡು ಅಷ್ಟು.

ಈಗ ಸಂಶಯದವನ್ನು ಆರಿಸಿ. 2018ರಿಂದೀಚಿನ ದೊಡ್ಡ ಸಿನಿಮಾಗಳಲ್ಲಿ ಬೇರೆ ಭಾಷೆಗೂ ಡಬ್ ಆದವು ಒಂದು ಗುಂಪು. ಹೆಸರಿನಲ್ಲಿ ಆವರಣ ಇರುವವು ಇನ್ನೊಂದು, ಫಿಲ್ಟರ್‌ನಲ್ಲಿ ಆವರಣದ ಚಿಹ್ನೆ ಹಾಕಿದರೆ ಎಲ್ಲ ಒಟ್ಟಿಗೆ ಬರುತ್ತವೆ. ದಾಸರ ಪದ, ವಚನ, ಭಾವಗೀತೆ, ಭಜನೆ ಮತ್ತೊಂದು. ತುಳು, ಕೊಂಕಣಿ ಹಾಡುಗಳಿದ್ದರೆ ಅವನ್ನು ಕಣ್ಣು ಮುಚ್ಚಿ ಸಂಶಯದ ಗುಂಪಿಗೇ ಸೇರಿಸಿ. ಕಲಾವಿದರ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಮಾತ್ರ ಇರುವ ಹಳೆಯ ಹಾಡುಗಳನ್ನೂ ಬಿಡಬೇಡಿ. ಹತ್ತು ನಿಮಿಷಕ್ಕಿಂತ ಉದ್ದದ ಯಾವುದೇ ಇದ್ದರೂ ಪಕ್ಕಕ್ಕಿಡಿ, ಅವು ಹೆಚ್ಚಾಗಿ ನಿಮ್ಮ ಅಪ್ಪನ ಪಟ್ಟಿಯವೇ ಆಗಿರುತ್ತವೆ, ಅದಕ್ಕೆ ಬೇರೆಯೇ ಮದ್ದು. ಉಳಿದ ಮಾಮೂಲಿ ಸಿನಿಮಾ ಹಾಡುಗಳನ್ನು ಕೇಳುವಾಗ ಕಿವಿಗೆ ಬಿದ್ದರೆ ನೋಡಿಕೊಂಡರಾಯಿತು.

ಸಂಶಯದ ಹಾಡುಗಳನ್ನೂ ಪೂರ್ತಿ ಕೇಳಬೇಕಾಗಿಲ್ಲ. ಯೂಟ್ಯೂಬ್ ಮ್ಯೂಸಿಕ್ ಅನ್ನು ಬ್ರೌಸರ್‌ನಲ್ಲಿ ತೆರೆದು, ಪಕ್ಕದಲ್ಲಿ ನಿಮ್ಮ ಶೀಟ್ ಇಟ್ಟುಕೊಂಡು, ಹಾಡಿನ ಪಕ್ಕದ ಪುಟ್ಟ ಚಿತ್ರದ ಆಕಾರ, ಆಲ್ಬಂ ಹೆಸರು, ಅವಧಿ ಈ ಮೂರರ ಮೇಲೆ ಕಣ್ಣಾಡಿಸಿ. ಚೌಕ ಚಿತ್ರವಿದ್ದು ಆಲ್ಬಂ ಹೆಸರು ಇದ್ದರೆ ಅದು ಕಂಪನಿ ಕೊಟ್ಟ ಹಾಡು. ಅಗಲ ಚಿತ್ರವಿದ್ದು ಆಲ್ಬಂ ಜಾಗ ಖಾಲಿ ಇದ್ದರೆ ಅದು ವಿಡಿಯೋ, ಯಾರು ಬೇಕಾದರೂ ಏರಿಸಿದ್ದಾಗಿರಬಹುದು. ಅವಧಿಯಲ್ಲಿ ಎರಡು ಮೂರು ಸೆಕೆಂಡಿನ ವ್ಯತ್ಯಾಸ ಲೆಕ್ಕಕ್ಕಿಲ್ಲ, ಮೊದಲು ಕೊನೆಯ ಮೌನವನ್ನು ಒಬ್ಬೊಬ್ಬರು ಒಂದೊಂದು ರೀತಿ ಕತ್ತರಿಸುತ್ತಾರೆ. ಹತ್ತು ಸೆಕೆಂಡು ದಾಟಿದರೆ ನಾನು ಬೇರೆ ಧ್ವನಿಮುದ್ರಣ ಎಂದೇ ಎಣಿಸುತ್ತೇನೆ. ಸಿನಿಮಾದಿಂದ ಕತ್ತರಿಸಿದ ವಿಡಿಯೋ, ಲೈವ್, ದುಃಖದ ಆವೃತ್ತಿ, ಜ್ಯೂಕ್‌ಬಾಕ್ಸ್ ಎಲ್ಲ ಅವಧಿಯಲ್ಲೇ ಸಿಕ್ಕಿಬೀಳುತ್ತವೆ. ಸಿಕ್ಕಿಬೀಳದ್ದು ಡಬ್ ಹಾಡು ಮತ್ತು ಕರೋಕೆ. ಡಬ್ ಹಾಡಿಗೆ ಆಲ್ಬಂ ಹೆಸರು ನೋಡಬೇಕು, ಕರೋಕೆಗೆ ಹತ್ತು ಸೆಕೆಂಡು ಕೇಳಲೇಬೇಕು.

ಆಲ್ಬಂ ಹೆಸರಿನಿಂದಲೂ ಭಾಷೆ ತಿಳಿಯದಿದ್ದರೆ ಅದೇ ಹಾಡನ್ನು ಮಾಮೂಲಿ ಯೂಟ್ಯೂಬ್‌ನಲ್ಲಿ ತೆರೆದು ಕೆಳಗಿನ ವಿವರಣೆ ಓದಿ. ಕಂಪನಿ ಕೊಟ್ಟ ಹಾಡಾದರೆ, ಇಂಥವರು ಯೂಟ್ಯೂಬ್‌ಗೆ ಒದಗಿಸಿದ್ದು ಎಂಬ ಸಾಲಿನಿಂದ ಶುರುವಾಗಿ, ಹಾಡಿದವರು, ಆಲ್ಬಂ, ಹಕ್ಕುದಾರರು, ಬಿಡುಗಡೆಯ ದಿನ ಎಲ್ಲ ಇರುತ್ತದೆ. ಚಾನೆಲ್ ಹೆಸರಿನ ಕೊನೆಗೆ ‘ಟಾಪಿಕ್’ ಎಂದಿರುತ್ತದೆ. ಲಹರಿ, ಆನಂದ್ ಆಡಿಯೋ, ಸರೆಗಮ ಇಂಥ ಕಂಪನಿಯ ಹೆಸರು ಅಲ್ಲಿ ಕಂಡರೆ ಧೈರ್ಯವಾಗಿ ಪಟ್ಟಿಗೆ ಸೇರಿಸಬಹುದು. ಅಭಿಮಾನಿಗಳು ಏರಿಸಿದ ವಿಡಿಯೋ ಇವತ್ತು ಇದ್ದು ನಾಳೆ ಅಳಿಸಿಹೋಗುವುದುಂಟು. ಹಾಗಾಗಿ ಎರಡೂ ಇದ್ದಲ್ಲಿ ಕಂಪನಿಯದ್ದನ್ನೇ ಆರಿಸಿ, ವಿಡಿಯೋದಲ್ಲಿ ಧ್ವನಿ ಚೆನ್ನಾಗಿದೆ ಎನಿಸಿದರೂ ಸರಿಯೇ.

ತಪ್ಪು ಸಿಕ್ಕಿದ ಮೇಲೆ ಒಂದೊಂದಾಗಿ ಅಳಿಸಿ ಹುಡುಕುತ್ತ ಕೂರಬೇಡಿ. ಹತ್ತಿಪ್ಪತ್ತಾದರೆ ಹಾಗೆ ಮಾಡಬಹುದು. ಅದಕ್ಕಿಂತ ಹೆಚ್ಚಾದರೆ ಶೀಟಿನಲ್ಲೇ ಹೆಸರನ್ನು ತಿದ್ದಿ ಮತ್ತೆ ಕಳಿಸುವುದು ಸುಲಭ. ತಪ್ಪಾದ ಹಾಡುಗಳನ್ನಷ್ಟೇ ಹೊಸ ಶೀಟಿಗೆ ಹಾಕಿ. ಒಂದು ಸಾಲಿಗೆ ಒಂದು ಹಾಡಿನಂತೆ, ಮೊದಲು ಮುಖ್ಯ ಗಾಯಕರ ಹೆಸರು, ಒಂದು ಅಡ್ಡಗೆರೆ, ಆಮೇಲೆ ಹಾಡಿನ ಹೆಸರು, ಪಕ್ಕದಲ್ಲೇ ಸಿನಿಮಾದ ಹೆಸರು. ಡಬ್ ಆಗಿರುವ ಸಿನಿಮಾವಾದರೆ ‘ಕನ್ನಡ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ. ಐದಾರು ಜನ ಕಲಾವಿದರ ಉದ್ದ ಸಾಲು ಇದ್ದರೆ ಒಬ್ಬರನ್ನು ಇಟ್ಟು ಉಳಿದವರನ್ನು ಅಳಿಸಿ. ‘ಇಂಥ ಸಿನಿಮಾದಿಂದ’ ಎಂಬ ಆವರಣವನ್ನು ಹುಡುಕಿ-ಬದಲಿಸುವ ಸೌಲಭ್ಯದಿಂದ ಒಂದೇ ಸಲಕ್ಕೆ ತೆಗೆಯಬಹುದು, ಆದರೆ ‘ಪ್ಯಾಥೋಸ್’, ‘ಡ್ಯುಯೆಟ್’ ಎಂಬವು ಅದರ ಜೊತೆ ಹೋಗದ ಹಾಗೆ ನೋಡಿಕೊಳ್ಳಿ. ಹೀಗೆ ಬರೆದ ಸಾಲುಗಳನ್ನು ಟ್ಯೂನ್‌ಮೈಮ್ಯೂಸಿಕ್, ಸೌಂಡೀಜ್ ಮುಂತಾದ ವರ್ಗಾವಣೆ ತಾಣಗಳಲ್ಲಿ ಪಠ್ಯವಾಗಿ ಅಂಟಿಸಿದರೆ ಅದರಿಂದಲೇ ಪ್ಲೇಲಿಸ್ಟ್ ಮಾಡುತ್ತವೆ. ಉಚಿತ ಬಳಕೆಗೆ ಅಲ್ಲಿ ಹಾಡುಗಳ ಮಿತಿ ಇದೆ, ನಿಮ್ಮ ತಿದ್ದುಪಡಿಯ ಪಟ್ಟಿ ಅದರೊಳಗೆ ಮುಗಿದೀತು.

ಲಿಪಿಯ ಬಗ್ಗೆ ಒಂದು ಮಾತು. ಸಿನಿಮಾ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲೇ ಹುಡುಕಿ, ಕಂಪನಿಗಳು ಕೊಟ್ಟ ಹೆಸರು ಹಾಗಿರುವುದರಿಂದ. ಯಕ್ಷಗಾನ, ಭಜನೆ, ಸುಗಮ ಸಂಗೀತವನ್ನು ಕನ್ನಡದಲ್ಲೂ ಒಮ್ಮೆ ಹುಡುಕಿ ನೋಡಿ. ಅವನ್ನು ಏರಿಸಿದವರು ನಮ್ಮಂಥವರೇ, ಹೆಸರನ್ನೂ ನಮ್ಮ ಅಕ್ಷರದಲ್ಲೇ ಬರೆದಿರುತ್ತಾರೆ.

ತಿದ್ದಿದ ಹಾಡುಗಳನ್ನು ನೇರ ಹಳೆಯ ಪಟ್ಟಿಗೆ ಸುರಿಯದೆ ಬೇರೆ ಪ್ಲೇಲಿಸ್ಟ್‌ಗೆ ತರಿಸಿ, ಇನ್ನೊಮ್ಮೆ ಚಿತ್ರ, ಆಲ್ಬಂ, ಅವಧಿ ನೋಡಿ, ಸರಿಯಿದ್ದದ್ದನ್ನು ಮಾತ್ರ ಮೂಲ ಪಟ್ಟಿಗೆ ಸೇರಿಸಿ. ಹೊಸದಾಗಿ ಸೇರಿಸಿದ್ದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಕ್ರಮ ಮುಖ್ಯವಾದ ಪಟ್ಟಿಯಾದರೆ, ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿಗೆ ಮಾಡಿಟ್ಟಂಥದ್ದು ಏನಾದರೂ ಇದ್ದರೆ, ಎಳೆದು ಜಾಗಕ್ಕೆ ತರಬೇಕು. ವರ್ಗಾವಣೆ ನಡುವೆ ನಿಂತುಹೋಗಿ ಎರಡನೇ ಸಲ ಓಡಿಸಿದ್ದರೆ ಹಾಡುಗಳು ಎರಡೆರಡಾಗಿರುತ್ತವೆ, ಅದನ್ನೂ ನೋಡಿಕೊಳ್ಳಿ.

ಸಿಗದ 31ರ ವಿಷಯ ಈಗ. ಇವುಗಳಲ್ಲಿ ಒಂದಷ್ಟು ಕಾಗುಣಿತದಿಂದ ತಪ್ಪಿಸಿಕೊಂಡವು, ತಿದ್ದಿದ ಸಾಲುಗಳ ಜೊತೆ ಇವನ್ನೂ ಕಳಿಸಿದರೆ ಸಿಗುತ್ತವೆ. ಇನ್ನು ಕೆಲವು ‘ಹಿಟ್ಸ್’ ಎಂಬ ಸಂಕಲನದ ಒಳಗೆ ಬೇರೆ ಆಲ್ಬಂ ಹೆಸರಿನಲ್ಲಿ ಅಡಗಿರುತ್ತವೆ. ಸಿನಿಮಾದ ಹೆಸರು ಬಿಟ್ಟು ಗಾಯಕರ ಹೆಸರಿನಿಂದ ಹುಡುಕಿ. ಕಂಪನಿ ಮತ್ತು ಸೇವೆಯ ನಡುವೆ ಒಪ್ಪಂದ ಇಲ್ಲದ್ದರಿಂದ ಕಾಣೆಯಾದ ಹಾಡುಗಳೂ ಇರುತ್ತವೆ. ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂದ ಹೊಸತರಲ್ಲಿ ಹಳೆಯ ಎಚ್‌ಎಂವಿಯ ವಾರಸುದಾರ ಸರೆಗಮದ ಹಾಡುಗಳು ಅಲ್ಲಿ ಇರಲಿಲ್ಲ, 2020ರ ಒಪ್ಪಂದದ ಮೇಲೆ ಬಂದವು. ಇಂಥದ್ದಕ್ಕೆ ನಾವು ಮಾಡುವಂಥದ್ದು ಏನೂ ಇಲ್ಲ. ಹಾಡಿನ ಹೆಸರು ಶೀಟಿನಲ್ಲಿರಲಿ, ಆರು ತಿಂಗಳು ಬಿಟ್ಟು ಹುಡುಕಿ. ತೀರಾ ಹಟ ಹಿಡಿದ ಹಾಡಿಗೆ ಅದರ ಐಎಸ್‌ಆರ್‌ಸಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ, ಕೆಲವೊಮ್ಮೆ ಕಂಪನಿ ಕೊಟ್ಟ ಹಾಡೇ ಎದುರಾಗುತ್ತದೆ. ಆ ಸಂಕೇತ ಯಾವ ಧ್ವನಿಮುದ್ರಣದ್ದೆಂದು ನೋಡಲು ಜಾಗತಿಕ ಧ್ವನಿಮುದ್ರಣ ಕಂಪನಿಗಳ ಒಕ್ಕೂಟವಾದ ಐಎಫ್‌ಪಿಐ ಒಂದು ಸಾರ್ವಜನಿಕ ಹುಡುಕು ತಾಣವನ್ನೂ ಇಟ್ಟಿದೆ.

ಅಪ್ಪನ ಪಟ್ಟಿಗೆ ಈ ಯಾವ ಉಪಾಯವೂ ಪೂರ್ತಿ ಒಗ್ಗುವುದಿಲ್ಲ. ಯಕ್ಷಗಾನದ ಕ್ಯಾಸೆಟ್ಟಿಗೆ ಹೆಸರು ಎಂದರೆ ಪ್ರಸಂಗದ, ಅಂದರೆ ಆಡುವ ಕತೆಯ ಹೆಸರು. ಕುಂಬಳೆಯ ಪಾರ್ತಿಸುಬ್ಬನ ‘ಪಂಚವಟಿ’ಯನ್ನು ಆಡದ ಮೇಳ ನಮ್ಮ ಕಡೆಯ ತೆಂಕುತಿಟ್ಟು ಶೈಲಿಯಲ್ಲಿ ಯಾವುದು? ಅದೇ ಹೆಸರಿನಲ್ಲಿ ಹತ್ತಾರು ಮುದ್ರಣಗಳಿದ್ದಾಗ, ಪದ್ಯ ಹಾಡುವ ಭಾಗವತರು ಯಾರು, ಮದ್ದಳೆ ಯಾರದು, ಅರ್ಥ (ಪಾತ್ರದ ಮಾತು) ಯಾರದು ಎಂಬುದರಲ್ಲೇ ನಮ್ಮ ಗುರುತು ಇರುವುದು. ಬಲಿಪ ನಾರಾಯಣ ಭಾಗವತರ ಪದ್ಯ ಕೇಳಬೇಕೆಂದು ಕೂತ ಅಪ್ಪನಿಗೆ ಉತ್ತರದ ಶೈಲಿಯಾದ ಬಡಗುತಿಟ್ಟಿನ ‘ಪಂಚವಟಿ’ ಹಾಕಿ ಕೊಟ್ಟರೆ ಅವರು ಏನೆನ್ನುತ್ತಾರೆಂದು ನಿಮಗೇ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಮುದ್ರಣವಾದರೆ ಕಲಾವಿದರ ಜಾಗದಲ್ಲಿ ಅವರ ಹೆಸರೇ ಇಲ್ಲದೆ ಕ್ಯಾಸೆಟ್ ಕಂಪನಿಯ ಹೆಸರು ಇರುವುದೂ ಉಂಟು. ಜೊತೆಗೆ ಒಂದನೇ ಭಾಗ ಬಂದು ಎರಡನೆಯದು ಬರದಿದ್ದರೆ ಅರ್ಧ ಪ್ರಸಂಗ ಕೇಳಿ ಎದ್ದ ಹಾಗೆ. ಈ ಪಟ್ಟಿಯನ್ನು ಯಂತ್ರಕ್ಕೆ ಬಿಡಬೇಡಿ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಯಿಂದಲೇ ಮಾಡಿ. ಎರಡು ಪದ್ಯ ಕೇಳಿದರೆ ಅವರಿಗೆ ಭಾಗವತರು ಯಾರೆಂದು ತಿಳಿಯುತ್ತದೆ, ಅಷ್ಟು ಚುರುಕಾದ ಆ್ಯಪ್ ಇನ್ನೂ ಬಂದಿಲ್ಲ. ಈ ಒಂದು ವಿಷಯದಲ್ಲಿ ಯೂಟ್ಯೂಬ್‌ಗೆ ಬಂದದ್ದು ನಿಮಗೆ ಲಾಭವೇ. ಬೇರೆ ಸೇವೆಗಳಲ್ಲಿ ಇಲ್ಲದ ಯಕ್ಷಗಾನ ಅಲ್ಲಿ ವಿಡಿಯೋ ರೂಪದಲ್ಲಿದೆ, ಅದನ್ನೂ ಪಟ್ಟಿಗೆ ಸೇರಿಸಬಹುದು.

ಮನೆಯಲ್ಲಿ ಕ್ಯಾಸೆಟ್‌ಗಳು ಉಳಿದಿದ್ದರೆ ಇನ್ನೂ ಒಳ್ಳೆಯದು. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ನಿಮ್ಮದೇ ಫೈಲುಗಳನ್ನು ಏರಿಸುವ ಸೌಲಭ್ಯವಿದೆ. 1,00,000 ಹಾಡುಗಳವರೆಗೆ ಏರಿಸಬಹುದು. ಎಂಪಿ3, ಎಂ4ಎ, ಫ್ಲ್ಯಾಕ್, ಓಜಿಜಿ, ಡಬ್ಲ್ಯುಎಂಎ ನಡೆಯುತ್ತವೆ. ಏರಿಸುವುದು ಕಂಪ್ಯೂಟರ್ ಬ್ರೌಸರ್‌ನಿಂದ ಮಾತ್ರ, ಕೇಳುವುದು ಫೋನಿನಲ್ಲೂ ಆಗುತ್ತದೆ. ಬೇರೆ ಯಾರಿಗೂ ಅದು ಕಾಣುವುದಿಲ್ಲ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್ ಎಳೆದು, ಕಡಿಮೆ ಬೆಲೆಯ ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿ. ಸಿ-60 ಕ್ಯಾಸೆಟ್ಟಿಗೆ ಬದಿಗೆ ಅರ್ಧ ಗಂಟೆ, ಸಿ-90ಕ್ಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಓಡಲೇಬೇಕು, ಅವಸರಕ್ಕೆ ದಾರಿಯಿಲ್ಲ. ಗೊರಗೊರ ಸದ್ದು ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಬೇಡಿ, ಚೆಂಡೆಯ ಪೆಟ್ಟು ಸಪ್ಪೆಯಾಗುತ್ತದೆ, ಚಕ್ರತಾಳ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಮಾತೇ ಹೆಚ್ಚಿರುವ ತಾಳಮದ್ದಳೆಗೆ 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಸಾಕು, ಯಕ್ಷಗಾನಕ್ಕೆ 192 ಇರಲಿ. ಏರಿಸುವ ಮೊದಲು ಎಂಪಿ3ಟ್ಯಾಗ್‌ನಂಥ ತಂತ್ರಾಂಶದಲ್ಲಿ ಹೆಸರುಗಳನ್ನು ತುಂಬಿ: ಪ್ರಸಂಗವನ್ನು ಆಲ್ಬಂ ಮಾಡಿ, ಭಾಗವತರನ್ನು ಕಲಾವಿದರ ಜಾಗಕ್ಕೆ ಹಾಕಿ, ಭಾಗಗಳಿಗೆ ಕ್ರಮಸಂಖ್ಯೆ ಕೊಡಿ. ಕನ್ನಡದಲ್ಲೇ ಬರೆಯಬಹುದು. ಕ್ರಮಸಂಖ್ಯೆ ಕೊಡದಿದ್ದರೆ ಯುದ್ಧ ಮುಗಿದ ಮೇಲೆ ಸಂಧಾನ ಬರುತ್ತದೆ.

ಅಣ್ಣನ ವಿಷಯ. ಹಕ್ಕು ದೇಶದ ಲೆಕ್ಕದಲ್ಲಿ ಎಂದೆನಲ್ಲ, ಅದು ಅವರಿಗೆ ತಟ್ಟುತ್ತದೆ. ನಿಮಗೆ ಸರಿಯಾಗಿ ಬರುವ ಹಾಡು ಯುಎಇಯಲ್ಲಿ ಮಸುಕಾಗಿ ಕಂಡು ಓಡದಿರಬಹುದು. ಅಂಥ ಹಾಡಿಗೆ ಅದೇ ಮುದ್ರಣದ ಬೇರೆ ಬಿಡುಗಡೆಯನ್ನು, ಸಂಕಲನದ್ದೋ ಇನ್ನೊಂದು ಆಲ್ಬಂನದ್ದೋ, ಹಾಕಿ ನೋಡಿ. ಅದಕ್ಕೆ ಅಲ್ಲಿನ ಹಕ್ಕು ಇದ್ದರೂ ಇರಬಹುದು. ಅವರಿಂದಲೇ ಓಡದ ಹಾಡುಗಳ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ, ಇಲ್ಲಿಂದ ನಿಮಗೆ ಅದು ಕಾಣುವುದಿಲ್ಲ. ನೀವು ಏರಿಸಿದ ಕ್ಯಾಸೆಟ್ ಫೈಲುಗಳು ಪ್ಲೇಲಿಸ್ಟ್ ಕೊಂಡಿ ಕೊಟ್ಟರೂ ಅವರಿಗೆ ಬರುವುದಿಲ್ಲ, ಫೈಲನ್ನೇ ಕಳಿಸಬೇಕು. ಪ್ರೀಮಿಯಂ ಫ್ಯಾಮಿಲಿ ಪ್ಲಾನಿಗೆ ಅವರನ್ನು ಸೇರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಒಂದೇ ಮನೆಯ ವಿಳಾಸದಲ್ಲಿ ಇರುವವರಿಗೆ ಮಾತ್ರ ಅದು ಎಂಬುದು ಅಲ್ಲಿನ ನಿಯಮ.

ಸ್ಪಾಟಿಫೈ ಪ್ರೀಮಿಯಂ ಹಣ ಕಟ್ಟುವುದನ್ನು ಸಿಎಸ್‌ವಿ ಇಳಿಸಿಕೊಂಡ ದಿನವೇ ನಿಲ್ಲಿಸಬಹುದು. ಹಣ ನಿಲ್ಲಿಸಿದರೆ ಖಾತೆ ಉಚಿತ ಖಾತೆಯಾಗಿ ಉಳಿಯುತ್ತದೆ, ಪ್ಲೇಲಿಸ್ಟ್‌ಗಳೂ ಇದ್ದಲ್ಲೇ ಇರುತ್ತವೆ. ಖಾತೆಯನ್ನು ಮಾತ್ರ ಅಳಿಸಬೇಡಿ, ಯಾವುದಾದರೂ ಹಾಡಿನ ಬಗ್ಗೆ ಸಂಶಯ ಬಂದಾಗ ಮೂಲ ಯಾವುದಿತ್ತೆಂದು ಕೇಳಿ ನೋಡಲು ಬೇಕಾಗುತ್ತದೆ. ಆಪಲ್ ಮ್ಯೂಸಿಕ್‌ನಿಂದ ಹೊರಡುವವರು ಇದೇ ಧೈರ್ಯ ಮಾಡಬಾರದು. ಅಲ್ಲಿ ಚಂದಾ ನಿಂತ ಮೇಲೆ ಲೈಬ್ರರಿ ಉಳಿಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ತಿದ್ದುಪಡಿ ಎಲ್ಲ ಮುಗಿಸಿ ಆಮೇಲೆ ನಿಲ್ಲಿಸಬೇಕು. ಸಿಎಸ್‌ವಿ ಫೈಲುಗಳನ್ನು ಗೂಗಲ್ ಡ್ರೈವ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ. 2024ರಲ್ಲಿ ರೆಸ್ಸೋ ಎಂಬ ಹಾಡಿನ ಆ್ಯಪ್ ಭಾರತದಲ್ಲಿ ಬಾಗಿಲು ಹಾಕಿತು, ಅದೇ ವರ್ಷ ವಿಂಕ್ ಎಂಬ ಇನ್ನೊಂದು ಆ್ಯಪ್ ಕೂಡ ಮುಚ್ಚಿತು. ಅಲ್ಲಿ ಪಟ್ಟಿ ಮಾಡಿಟ್ಟು ಬೇರೆಲ್ಲೂ ಬರೆದಿಡದವರು ಹಾಡುಗಳನ್ನು ನೆನಪಿನಿಂದಲೇ ಹುಡುಕಬೇಕಾಯಿತು.

ತಿದ್ದುವ ಕೆಲಸವನ್ನು ಡಬ್ ಹಾಡುಗಳಿಂದ ಶುರುಮಾಡಿ. ಅವು ಬೇಗ ಮುಗಿಯುತ್ತವೆ, ಮಕ್ಕಳೂ ಕೂತು ಮಾಡಿಕೊಟ್ಟಾರು. ಅಪ್ಪನ ಪಟ್ಟಿಗೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.